ನಿಲ್ಲದೆ ಹರಿಯುವ ಫ್ಲಶ್ ಟ್ಯಾಂಕ್: ದೋಷ ಗುರುತಿಸಿ ಮನೆಯಲ್ಲೇ ಸರಿಪಡಿಸುವ ಬಗೆ

ಕಮೋಡಿನ ಒಳಗೋಡೆಯ ಮೇಲೆ ಸದಾ ಇಳಿಯುತ್ತಿರುವ ತೆಳ್ಳನೆಯ ನೀರನ್ನು ಬಹಳ ಮಂದಿ ತಿಂಗಳುಗಟ್ಟಲೆ ನೋಡಿಯೂ ನೋಡದಂತಿರುತ್ತಾರೆ. ನಿಮಿಷಕ್ಕೆ ಒಂದು ಲೋಟ, ಅಂದರೆ ಸುಮಾರು 200 ಮಿಲಿಲೀಟರ್ ನೀರು ಹೀಗೆ ಹೋದರೂ ದಿನಕ್ಕೆ 288 ಲೀಟರ್ ಆಗುತ್ತದೆ. ತಾರಸಿಯ ಮೇಲಿನ 1000 ಲೀಟರ್ ಟ್ಯಾಂಕನ್ನು ಬರಿದುಮಾಡಲು ಅದಕ್ಕೆ ಮೂರೂವರೆ ದಿನ ಸಾಕು. ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ತಳ ಕಾಣಿಸತೊಡಗಿ, ಮೋಟಾರನ್ನು ದಿನಕ್ಕೆ ಎಷ್ಟು ಹೊತ್ತು ಹಾಕಬಹುದೆಂದು ಲೆಕ್ಕ ಹಾಕುವ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಇದು ಸಣ್ಣ ನಷ್ಟವಲ್ಲ. ಮಳೆಗಾಲದಲ್ಲಿ ತೊಂದರೆಯ ಬಗೆ ಬೇರೆ. ಕಾರವಾರದಿಂದ ಭಟ್ಕಳದವರೆಗಿನ ತಗ್ಗು ಜಾಗಗಳಲ್ಲಿ ಜುಲೈ ಹೊತ್ತಿಗೆ ನೆಲದೊಳಗಿನ ನೀರು ಬಹಳ ಮೇಲಕ್ಕೆ ಬಂದಿರುತ್ತದೆ; ಇಂಗುಗುಂಡಿ ಒಂದು ಕೊಡ ನೀರನ್ನು ಎಳೆದುಕೊಳ್ಳುವುದಕ್ಕೂ ತಿಣುಕುತ್ತಿರುವಾಗ ಹಗಲೂ ರಾತ್ರಿ ಸೋರುವ ಫ್ಲಶ್ ಅದನ್ನು ತುಂಬಿಸಿಬಿಡುತ್ತದೆ. ಆಗ ಮನೆಯವರು ಗುಂಡಿ ಕಟ್ಟಿಕೊಂಡಿತೆಂದು ಅದನ್ನು ಖಾಲಿ ಮಾಡಿಸಲು ಹೊರಡುತ್ತಾರೆ, ಸೋರುವ ಟ್ಯಾಂಕ್ ಮಾತ್ರ ಹಾಗೆಯೇ ಉಳಿಯುತ್ತದೆ.

ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ "ಸೆಟ್ಟೇ ಬದಲಿಸಿ" ಎಂಬುದು. ಕುಮಟೆಯ ನಮ್ಮ ಮನೆಯಲ್ಲಿ ನಾನು ಒಮ್ಮೆ ಹಾಗೆಯೇ ಮಾಡಿದೆ. ಒಳಗಿನ ಭಾಗಗಳೆಲ್ಲ ಹೊಸದಾದವು, ಮರುದಿನ ಬೆಳಿಗ್ಗೆ ಸೋರಿಕೆ ಮಾತ್ರ ಹಳೆಯದೇ ಇತ್ತು. ಟ್ಯಾಂಕಿನ ಮುಚ್ಚಳದ ಮೇಲೆ ಒತ್ತುವ ಗುಂಡಿಯ (ಬಟನ್) ಕೆಳಗಿದ್ದ ಒಂದು ಕಡ್ಡಿ ಕಾಲು ಇಂಚು ಉದ್ದವಾಗಿ ವಾಲ್ವನ್ನು ಒತ್ತಿ ಹಿಡಿದಿದ್ದೇ ಕಾರಣವೆಂದು ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು. ನೀರು ಯಾವ ದಾರಿಯಿಂದ ಹೋಗುತ್ತಿದೆ ಎಂಬುದನ್ನು ತಿಳಿಯುವ ಮೊದಲು ಒಂದು ವಾಷರನ್ನೂ ಕೊಳ್ಳಬಾರದು. ಅದನ್ನು ತಿಳಿಯಲು ಬೇಕಾದದ್ದು ಒಂದು ಪೆನ್ಸಿಲ್ ಮತ್ತು ಅರ್ಧ ಗಂಟೆ.

ಟ್ಯಾಂಕಿನ ಒಳಗೆ ಏನಿದೆ

ಫ್ಲಶ್ ಟ್ಯಾಂಕಿನಲ್ಲಿ ಕೆಲಸ ಮಾಡುವ ಭಾಗಗಳು ಎರಡೇ. ನೀರನ್ನು ಒಳಗೆ ಬಿಡುವುದು ಒಂದು, ಹೊರಗೆ ಬಿಡುವುದು ಇನ್ನೊಂದು. ಒಳಗೆ ಬಿಡುವ ಭಾಗಕ್ಕೆ ಬಾಲ್ ಕಾಕ್ ಅಥವಾ ಇನ್‌ಲೆಟ್ ವಾಲ್ವ್ ಎನ್ನುತ್ತಾರೆ. ಹಳೆಯ ನಮೂನೆಯಲ್ಲಿ ಉದ್ದನೆಯ ಕಡ್ಡಿಯ ತುದಿಗೆ ಚೆಂಡು ಇರುತ್ತದೆ. ಹೊಸದರಲ್ಲಿ ಒಂದು ಕಂಬದ ಪಕ್ಕದಲ್ಲಿ ಮೇಲೆ ಕೆಳಗೆ ಜಾರುವ ಪುಟ್ಟ ಡಬ್ಬಿ ಇರುತ್ತದೆ. ನೀರು ಏರಿದಂತೆ ತೇಲುವ ಚೆಂಡು ಅಥವಾ ಡಬ್ಬಿ ಮೇಲೇರಿ, ತೂತಿನ ಬಾಯಿಗೆ ರಬ್ಬರನ್ನು ಒತ್ತಿ ನೀರು ನಿಲ್ಲಿಸುತ್ತದೆ.

ಹೊರಗೆ ಬಿಡುವ ಭಾಗದಲ್ಲಿ ಎರಡು ಬಗೆಗಳಿವೆ, ಮತ್ತು ಇವುಗಳ ವ್ಯತ್ಯಾಸ ತಿಳಿದಿರಬೇಕು. ಪಕ್ಕದಲ್ಲಿ ಹಿಡಿಕೆ ಇರುವ, ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಹೆಚ್ಚಾಗಿ ಇರುವುದು ಸೈಫನ್. ಅದರಲ್ಲಿ ನೀರು ಒಂದು ಬಾಗಿದ ಕೊಳವೆಯೊಳಗೆ ಮೇಲಕ್ಕೇರಿ, ನೆತ್ತಿ ದಾಟಿದ ಮೇಲಷ್ಟೇ ಕೆಳಗಿಳಿಯಬಲ್ಲದು. ಹಿಡಿಕೆ ಒತ್ತದೆ ಅದು ತಾನಾಗಿ ದಾಟುವುದಿಲ್ಲ. ಆದ್ದರಿಂದ ಸೈಫನ್ ಒಡೆದಿಲ್ಲವಾದರೆ ಅಂಥ ಟ್ಯಾಂಕಿನಲ್ಲಿ ತಪ್ಪು ಬಹುಮಟ್ಟಿಗೆ ಬಾಲ್ ಕಾಕಿನದೇ. ಮುಚ್ಚಳದ ಮೇಲೆ ಒತ್ತುವ ಗುಂಡಿ ಇರುವ ಟ್ಯಾಂಕುಗಳಲ್ಲಿ, ಅದರಲ್ಲೂ 3 ಮತ್ತು 6 ಲೀಟರಿನ ಎರಡು ಗುಂಡಿಗಳಿರುವುದರಲ್ಲಿ, ತಳದ ತೂತಿನ ಮೇಲೆ ಬಳೆಯಾಕಾರದ ರಬ್ಬರ್ ಸೀಲ್ ಕುಳಿತಿರುತ್ತದೆ. ಇಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ನೀರು ಸೋರುತ್ತದೆ. ಎರಡು ಬಗೆಗಳಲ್ಲಿಯೂ ಹೆಚ್ಚಾದ ನೀರು ನೆಲಕ್ಕೆ ಚೆಲ್ಲದೆ ಕಮೋಡಿಗೇ ಹೋಗಲಿ ಎಂದು ಒಂದು ಓವರ್‌ಫ್ಲೋ ದಾರಿ ಇರುತ್ತದೆ. ಬಾಲ್ ಕಾಕ್ ಕೆಟ್ಟರೂ ಸೀಲ್ ಕೆಟ್ಟರೂ ನೀರು ಬಂದು ಬೀಳುವುದು ಕಮೋಡಿಗೇ ಆದ್ದರಿಂದ, ಹೊರಗಿನಿಂದ ನೋಡಿ ಯಾವುದು ಕೆಟ್ಟಿದೆ ಎಂದು ಹೇಳಲಾಗುವುದಿಲ್ಲ.

ಪೆನ್ಸಿಲ್ ಗೆರೆಯ ಪರೀಕ್ಷೆ

ಮುಚ್ಚಳ ತೆಗೆಯುವಾಗ ಅವಸರ ಬೇಡ. ಹಿಡಿಕೆಯ ಪ್ಲಾಸ್ಟಿಕ್ ಟ್ಯಾಂಕಿನ ಮುಚ್ಚಳ ನೇರವಾಗಿ ಮೇಲೆ ಬರುತ್ತದೆ, ಕೆಲವಕ್ಕೆ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ. ಗುಂಡಿ ಇರುವ ಮುಚ್ಚಳವನ್ನು ಎಳೆದರೆ ಬರುವುದಿಲ್ಲ. ಗುಂಡಿಯ ಸುತ್ತಲಿನ ಬಳೆಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿದ ನಂತರ ಅದು ಸಡಿಲವಾಗುತ್ತದೆ. ಪಿಂಗಾಣಿಯ ಮುಚ್ಚಳವಾಗಿದ್ದರೆ ಅದನ್ನು ಕಮೋಡಿನ ಮೇಲೆ ಇಡದೆ ನೆಲದ ಮೇಲೆ ಹಳೆಯ ಬಟ್ಟೆ ಹಾಸಿ ಇಡಬೇಕು. ಟ್ಯಾಂಕಿನೊಳಗಿನ ನೀರು ನಲ್ಲಿಯಲ್ಲಿ ಬರುವ ನೀರೇ ಆದ್ದರಿಂದ ಕೈ ಹಾಕಲು ಅಸಹ್ಯಪಡಬೇಕಾಗಿಲ್ಲ.

ಮೊದಲು ಕಣ್ಣಿನಿಂದ ನೋಡಿ. ಟ್ಯಾಂಕ್ ತುಂಬಿದ ಮೇಲೂ ನೀರು ಓವರ್‌ಫ್ಲೋ ಕೊಳವೆಯ ಬಾಯಿಯೊಳಗೆ ಇಳಿಯುತ್ತಿದ್ದರೆ ದೋಷ ಒಳಬರುವ ಕಡೆಯದು. ಮುಂದಿನ ಪರೀಕ್ಷೆಯೇ ಬೇಡ. ನೀರು ಆ ಬಾಯಿಗಿಂತ ಕೆಳಗೇ ಇದ್ದು ಕಮೋಡಿಗೆ ಜಿನುಗುತ್ತಿದ್ದರೆ, ಅಥವಾ ಯಾರೂ ಒತ್ತದಿದ್ದರೂ ಆಗಾಗ ಟ್ಯಾಂಕ್ ತಾನಾಗಿ ತುಂಬಿಕೊಳ್ಳುವ ಸದ್ದು ಕೇಳುತ್ತಿದ್ದರೆ, ಪೆನ್ಸಿಲ್ ತೆಗೆದುಕೊಳ್ಳಬೇಕು.

ಟ್ಯಾಂಕಿಗೆ ನೀರು ಕೊಡುವ ಕನೆಕ್ಷನ್ ಪೈಪಿನ ಬುಡದಲ್ಲಿ, ಗೋಡೆಯಿಂದ ಹೊರಬಂದಿರುವ ಸಣ್ಣ ನಲ್ಲಿಯೇ ಆಂಗಲ್ ಕಾಕ್. ಅದನ್ನು ಬಲಕ್ಕೆ ತಿರುಗಿಸಿ ಪೂರ್ತಿ ಮುಚ್ಚಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಆಂಗಲ್ ಕಾಕ್, ಸಮುದ್ರದ ಉಪ್ಪುಗಾಳಿ ತಾಗುವ ಮನೆಗಳಲ್ಲಿ ಹಸಿರುಗಟ್ಟಿ ಬಿಗಿದುಕೊಂಡಿರುವುದು ಸಾಮಾನ್ಯ. ಅದನ್ನು ಇಕ್ಕಳ ಹಾಕಿ ಬಲವಾಗಿ ತಿರುವಿದರೆ ಅದರ ಕುತ್ತಿಗೆಯೇ ಮುರಿದು ಗೋಡೆಯಿಂದ ನೀರು ಚಿಮ್ಮುವ ಅಪಾಯವಿದೆ. ಹಾಗಾಗಿ ಮೇಲಿನ ಟ್ಯಾಂಕಿನಿಂದ ಇಳಿಯುವ ಕೊಳವೆಯ ಗೇಟ್ ವಾಲ್ವನ್ನು ಮುಚ್ಚಿ ಕೆಲಸ ಮುಂದುವರಿಸುವುದೇ ಲೇಸು. ಮುಚ್ಚಿದ ಮೇಲೆ ಒಮ್ಮೆ ಫ್ಲಶ್ ಮಾಡಿ ನೋಡಿ. ಟ್ಯಾಂಕಿಗೆ ಹನಿಹನಿಯಾದರೂ ನೀರು ಬರುತ್ತಿದ್ದರೆ ಆಂಗಲ್ ಕಾಕ್ ಸರಿಯಾಗಿ ಮುಚ್ಚುತ್ತಿಲ್ಲವೆಂದು ಅರ್ಥ, ಮತ್ತು ಅಂಥ ಸ್ಥಿತಿಯಲ್ಲಿ ಮಾಡಿದ ಪರೀಕ್ಷೆ ಸುಳ್ಳು ಹೇಳುತ್ತದೆ.

ಮತ್ತೆ ತೆರೆದು, ಟ್ಯಾಂಕ್ ಎಂದಿನ ಮಟ್ಟಕ್ಕೆ ತುಂಬಿದ ಮೇಲೆ ಮುಚ್ಚಿ, ನೀರಿನ ಅಂಚಿಗೆ ಸರಿಯಾಗಿ ಒಳಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅರ್ಧ ಗಂಟೆ ಯಾರೂ ಬಳಸಬಾರದು. ನೀರು ಗೆರೆಯಲ್ಲೇ ನಿಂತಿದ್ದರೆ ತಳದ ಭಾಗ ಚೆನ್ನಾಗಿದೆ, ದೋಷ ಬಾಲ್ ಕಾಕಿನದು. ನೀರು ಇಳಿದಿದ್ದರೆ ಇನ್ನಷ್ಟು ಹೊತ್ತು ಕಾಯ್ದು, ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ತಳದವರೆಗೂ ಇಳಿದರೆ ಸೀಲ್ ಹಿಡಿಯುತ್ತಿಲ್ಲ. ನಡುವೆ ಒಂದು ಮಟ್ಟದಲ್ಲಿ ನಿಂತುಬಿಟ್ಟರೆ, ಆ ಎತ್ತರದಲ್ಲೇ ಓವರ್‌ಫ್ಲೋ ಕೊಳವೆಯಲ್ಲೋ ಸೈಫನ್ನಿನಲ್ಲೋ ಬಿರುಕಿದೆ. ನೀರು ಇಳಿದೂ ಕಮೋಡ್ ಒಣಗಿಯೇ ಇದ್ದರೆ ಸೋರಿಕೆ ಹೊರಕ್ಕೆ. ಟ್ಯಾಂಕಿನ ಅಡಿಯ ನಟ್ಟು ಬೋಲ್ಟುಗಳ ಸುತ್ತ ಒಣ ಕಾಗದ ಒತ್ತಿ ನೋಡಿದರೆ ಒದ್ದೆಯಾದ ಜಾಗ ಸಿಗುತ್ತದೆ.

ಅರ್ಧ ಗಂಟೆ ಕಾಯಲು ಮನಸ್ಸಿಲ್ಲದವರು ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿಗೆ ಹಾಕಿ, ಹತ್ತು ಹದಿನೈದು ನಿಮಿಷದಲ್ಲಿ ಕಮೋಡಿನ ನೀರಿಗೆ ಬಣ್ಣ ಬರುತ್ತದೆಯೇ ಎಂದು ನೋಡಬಹುದು. ಅರಿಶಿನ ಇದಕ್ಕೆ ಪ್ರಯೋಜನವಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಕುಳಿತು ಪ್ಲಾಸ್ಟಿಕ್ಕಿಗೆ ಕಲೆ ಹಿಡಿಸುತ್ತದೆ.

ಬಾಲ್ ಕಾಕ್ ನೀರು ನಿಲ್ಲಿಸದಿದ್ದರೆ

ಟ್ಯಾಂಕ್ ತುಂಬಿರುವಾಗ ಚೆಂಡನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿ. ನೀರು ನಿಂತರೆ ವಾಲ್ವ್ ಸರಿಯಿದೆ, ಚೆಂಡಿನ ಎತ್ತರವಷ್ಟೇ ತಪ್ಪಿದೆ. ಎತ್ತಿದರೂ ನಿಲ್ಲದಿದ್ದರೆ ವಾಲ್ವಿನೊಳಗೆ ಕಸವಿದೆ, ಇಲ್ಲವೆ ವಾಷರ್ ಸವೆದಿದೆ.

ಎತ್ತರ ತಪ್ಪಿದ್ದರೆ ಸರಿಪಡಿಸುವುದು ಸುಲಭ. ಹಿತ್ತಾಳೆಯ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಂಡಿನ ತುದಿ ತುಸು ಕೆಳಗಾಗುವಂತೆ ಬಾಗಿಸಬೇಕು. ವಾಲ್ವಿನ ಕಡೆಯ ತುದಿಗೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಕಡ್ಡಿಯನ್ನು ಬಾಗಿಸಬಾರದು, ಅದರ ಬುಡದಲ್ಲಿ ಎತ್ತರ ಹೊಂದಿಸುವ ಸ್ಕ್ರೂ ಇರುತ್ತದೆ. ಕಂಬದ ನಮೂನೆಯದರಲ್ಲಿ ಉದ್ದನೆಯ ಪ್ಲಾಸ್ಟಿಕ್ ಸ್ಕ್ರೂವನ್ನು ತಿರುಗಿಸಿದರೆ ಡಬ್ಬಿ ಕೆಳಗಿಳಿಯುತ್ತದೆ. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲಬೇಕು. ಇದಕ್ಕಿಂತ ಬಹಳ ಇಳಿಸಿದರೆ ಒಮ್ಮೆ ಒತ್ತಿದ್ದು ಸಾಲದೆ ಎರಡು ಸಲ ಒತ್ತಬೇಕಾಗಿ, ಉಳಿಸಿದ ನೀರು ಹಾಗೆಯೇ ಹೋಗುತ್ತದೆ. ಚೆಂಡು ಟ್ಯಾಂಕಿನ ಗೋಡೆಗೆ ಉಜ್ಜುತ್ತಿದೆಯೇ ಎಂದೂ ನೋಡಿ. ಚೆಂಡನ್ನು ಬಿಚ್ಚಿ ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರು ಕುಲುಕಿದರೆ ಅದು ಬಿರುಕು ಬಿಟ್ಟಿದೆ. ನೀರು ಬಸಿದು, ಪ್ಲಾಸ್ಟಿಕ್ ಚೀಲ ಸುತ್ತಿ ದಾರದಿಂದ ಬಿಗಿದರೆ ಅಂಗಡಿ ತೆರೆಯುವವರೆಗೆ ನಡೆಯುತ್ತದೆ.

ವಾಲ್ವಿನೊಳಗಿನ ಕಸದ ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಬೇಸಿಗೆಯ ಕೊನೆಯಲ್ಲಿ ಬಾವಿಯ ನೀರು ತಳಕ್ಕೆ ಇಳಿದಾಗ ಮೋಟಾರು ನೀರಿನೊಡನೆ ಕೆಸರನ್ನೂ ಎಳೆಯುತ್ತದೆ. ಜೂನಿನ ಮೊದಲ ಮಳೆಗೆ ಚಿರೇಕಲ್ಲಿನ ಕೆಂಪು ಮಣ್ಣು ಬಾವಿಗೆ ಇಳಿಯುತ್ತದೆ. ಇದರ ಜೊತೆಗೆ ಚಿರೇಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕಂದು ಬಣ್ಣದ ಲೋಳೆಯಂಥ ಪದರ ಕೊಳವೆಗಳ ಒಳಗೆ ಬೆಳೆಯುತ್ತದೆ. ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಇನ್‌ಲೆಟ್ ವಾಲ್ವಿನ ಸಣ್ಣ ತೂತಿನಲ್ಲಿ. ನಾನು ಬಿಚ್ಚಿ ನೋಡಿದ ವಾಲ್ವುಗಳಲ್ಲಿ ನಿಜವಾಗಿ ಸವೆದವಕ್ಕಿಂತ ಮಣ್ಣು ಹಿಡಿದವೇ ಹೆಚ್ಚು.

ಸ್ವಚ್ಛಗೊಳಿಸುವ ಕ್ರಮ ಹೀಗಿದೆ. ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿಮಾಡಿ. ಕಂಬದ ನಮೂನೆಯ ವಾಲ್ವಿನ ತಲೆಯನ್ನು ಹಿಡಿದು ಎಡಕ್ಕೆ ಕಾಲು ಸುತ್ತಿನಷ್ಟು ತಿರುಗಿಸಿದರೆ ಮುಚ್ಚಳ ಕಳಚುತ್ತದೆ. ಕೆಳಗೆ ನಾಣ್ಯದಷ್ಟಗಲದ ರಬ್ಬರ್ ಬಿಲ್ಲೆ ಇರುತ್ತದೆ, ಅದು ಯಾವ ಮುಖ ಮೇಲಾಗಿ ಕುಳಿತಿತ್ತೆಂದು ನೆನಪಿಟ್ಟುಕೊಳ್ಳಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಕಡ್ಡಿಯ ಬಾಲ್ ಕಾಕ್ ಆದರೆ ಕಡ್ಡಿಯ ಪಿನ್ನನ್ನು ಎಳೆದು ತೆಗೆದ ಕೂಡಲೇ ವಾಷರ್ ಇರುವ ತುಂಡು ಹೊರಬರುತ್ತದೆ. ಈಗ ತೂತಿನ ಮೇಲೆ ಒಂದು ಲೋಟವನ್ನು ಬೋರಲು ಹಿಡಿದು, ಇನ್ನೊಂದು ಕೈಯಿಂದ ಆಂಗಲ್ ಕಾಕನ್ನು ಎರಡು ಮೂರು ಸೆಕೆಂಡು ತೆರೆದು ಮುಚ್ಚಿ. ಒಳಗಿನ ಮರಳು ನೀರಿನ ರಭಸಕ್ಕೆ ಹೊರಬರುತ್ತದೆ. ಲೋಟವಿಲ್ಲದಿದ್ದರೆ ನೀರು ಸೀದಾ ಛಾವಣಿಗೆ ಹಾರುತ್ತದೆ. ರಬ್ಬರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಕಂದು ಕಲೆ ಬಿಡದಿದ್ದರೆ ಪ್ಲಾಸ್ಟಿಕ್ ತುಂಡುಗಳನ್ನು ನಿಂಬೆರಸ ಬೆರೆಸಿದ ನೀರಿನಲ್ಲೋ ಹುಣಸೆ ನೀರಿನಲ್ಲೋ ಒಂದು ಗಂಟೆ ನೆನೆಯಲು ಬಿಡಬಹುದು. ಕಮೋಡ್ ತೊಳೆಯುವ ಆ್ಯಸಿಡನ್ನು ಟ್ಯಾಂಕಿನೊಳಗೆ ಸುರಿಯಬಾರದು, ಅದು ರಬ್ಬರನ್ನೂ ಲೋಹವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಅದು ಬೆರೆತರಂತೂ ವಿಷಕಾರಿಯಾದ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಕನೆಕ್ಷನ್ ಪೈಪ್ ಟ್ಯಾಂಕಿಗೆ ಸೇರುವಲ್ಲಿ, ವಾಲ್ವಿನ ಬುಡದೊಳಗೆ ಅನೇಕ ನಮೂನೆಗಳಲ್ಲಿ ಬೆರಳುಗುರಿನಷ್ಟು ಜಾಲರಿಯೊಂದಿರುತ್ತದೆ. ಟ್ಯಾಂಕ್ ತುಂಬಲು ಹತ್ತು ನಿಮಿಷ ಹಿಡಿಯುತ್ತಿದ್ದರೆ ಅದನ್ನು ಇಕ್ಕಳದಿಂದ ಎಳೆದು ತೊಳೆದು ಮತ್ತೆ ಹಾಕಿ. ಬೇಗ ತುಂಬಲಿ ಎಂದು ಅದನ್ನು ಎಸೆದವರ ಮನೆಯಲ್ಲಿ ವಾಲ್ವ್ ಬಹುಕಾಲ ಬಾಳುವುದಿಲ್ಲ. ವಾಷರಿನ ಮೇಲೆ ಉಂಗುರದಂತೆ ಗುಳಿ ಬಿದ್ದಿದ್ದರೆ ಅದನ್ನು ಬದಲಿಸಬೇಕು. ಚಪ್ಪಟೆ ವಾಷರಾದರೆ ಮಗುಚಿ ಹಾಕಿ ಇನ್ನೂ ಕೆಲವು ತಿಂಗಳು ಓಡಿಸಬಹುದು.

ಇಷ್ಟಾದರೂ ನಿಲ್ಲದಿದ್ದರೆ ವಾಲ್ವ್ ಬದಲಿಸುವುದೇ ದಾರಿ. ಕೊಳ್ಳುವ ಮೊದಲು ನೀರು ಟ್ಯಾಂಕಿನ ಪಕ್ಕದಿಂದ ಬರುತ್ತದೆಯೋ ತಳದಿಂದ ಬರುತ್ತದೆಯೋ ಎಂದು ನೋಡಿಕೊಳ್ಳಬೇಕು, ಎರಡಕ್ಕೂ ವಾಲ್ವ್ ಬೇರೆ. ಇನ್ನೊಂದು ಮಾತು ಒತ್ತಡದ್ದು. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಒಂದೇ ಅಂತಸ್ತಿನ ಹೆಂಚಿನ ಮನೆಯ ಪಕ್ಕದಲ್ಲಿ ಕಂಬ ಕಟ್ಟಿ ಕೂರಿಸಿದ ಟ್ಯಾಂಕ್ ಕಮೋಡಿಗಿಂತ ಮೂರು ನಾಲ್ಕು ಮೀಟರ್ ಮೇಲಿದ್ದರೆ ಅದರ ಮೂರನೆಯ ಒಂದು ಪಾಲಷ್ಟೇ ಸಿಗುತ್ತದೆ. ರಬ್ಬರ್ ಬಿಲ್ಲೆಯ ಹೊಸ ನಮೂನೆಯ ವಾಲ್ವ್ ನೀರಿನ ಒತ್ತಡದಿಂದಲೇ ಮುಚ್ಚಿಕೊಳ್ಳುವಂಥದು. ಒತ್ತಡ ಸಾಲದಿದ್ದರೆ ಬಿಗಿಯಾಗಿ ಮುಚ್ಚದೆ ಹನಿಸುತ್ತದೆ. ಅಂಥ ಮನೆಗಳಿಗೆ ಕಡ್ಡಿ ಮತ್ತು ಚೆಂಡಿನ ಹಳೆಯ ಬಾಲ್ ಕಾಕೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಬದಲಿಸುವಾಗ ಟ್ಯಾಂಕಿನ ತಳದ ನೀರನ್ನು ಬಟ್ಟೆಯಿಂದ ಹೀರಿ ತೆಗೆದು, ಕನೆಕ್ಷನ್ ಪೈಪಿನ ನಟ್ಟನ್ನು ಬಿಚ್ಚಿ. ಒಂದು ಕೈಯಿಂದ ವಾಲ್ವನ್ನು ಒಳಗಿನಿಂದ ಹಿಡಿದುಕೊಂಡು ಹೊರಗಿನ ನಟ್ಟನ್ನು ತಿರುಗಿಸಿ ತೆಗೆಯಿರಿ. ಒಳಗೆ ಹಿಡಿಯದಿದ್ದರೆ ವಾಲ್ವ್ ಪೂರ್ತಿ ತಿರುಗಿ ಪ್ಲಾಸ್ಟಿಕ್ ಟ್ಯಾಂಕಿನ ತೂತೇ ಸೀಳಬಹುದು. ಹೊಸದರ ರಬ್ಬರ್ ವಾಷರ್ ಟ್ಯಾಂಕಿನ ಒಳಮುಖಕ್ಕೆ ಬರಬೇಕು. ನಟ್ಟನ್ನು ಕೈಯಿಂದ ಬಿಗಿ ಮಾಡಿ, ಪಾನಾದಿಂದ ಇನ್ನು ಕಾಲು ಸುತ್ತು ಸಾಕು. ಪೈಪಿನ ನಟ್ಟಿನೊಳಗೆ ರಬ್ಬರ್ ಇರುವಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಕಾಗಿಲ್ಲ, ಅಲ್ಲಿ ನೀರು ತಡೆಯುವುದು ರಬ್ಬರೇ ಹೊರತು ನಟ್ಟಿನ ತಿರುಪಿನ ಗೆರೆಗಳಲ್ಲ.

ತಳದ ಸೀಲ್ ಹಿಡಿಯದಿದ್ದರೆ

ಗುಂಡಿಯ ಟ್ಯಾಂಕ್ ಇರುವವರು ಮೊದಲು ಮಾಡಬೇಕಾದದ್ದು, ಮುಚ್ಚಳವಿಲ್ಲದೆ ಒಂದು ಸಲ ಪೆನ್ಸಿಲ್ ಪರೀಕ್ಷೆ ನಡೆಸುವುದು. ಮುಚ್ಚಳ ತೆಗೆದಾಗ ಸೋರದೆ, ಹಾಕಿದಾಗ ಸೋರಿದರೆ ನನ್ನ ಮನೆಯಲ್ಲಾದಂತೆ ಗುಂಡಿಯ ಕಡ್ಡಿಗಳು ಉದ್ದವಾಗಿವೆ. ಅವುಗಳನ್ನು ತಿರುಗಿಸಿ ಗಿಡ್ಡ ಮಾಡಿ, ಗುಂಡಿ ಒತ್ತುವ ಮೊದಲು ಮೂರು ನಾಲ್ಕು ಮಿಲಿಮೀಟರ್ ಸಡಿಲ ಇರುವಂತೆ ಮಾಡಿದರೆ ದುರಸ್ತಿ ಅಲ್ಲಿಗೇ ಮುಗಿಯಿತು.

ಅದಲ್ಲವಾದರೆ ನೀರು ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ನಡುವಿನ ಫ್ಲಶ್ ವಾಲ್ವಿನ ಕಂಬವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎತ್ತಿ. ತಳದ ಚೌಕಟ್ಟು ಟ್ಯಾಂಕಿನಲ್ಲೇ ಉಳಿದು, ಸೀಲ್ ಇರುವ ಭಾಗ ಕೈಗೆ ಬರುತ್ತದೆ. ಸೀಲನ್ನು ಸುತ್ತಲೂ ಬೆರಳಿನಿಂದ ಒತ್ತಿ ನೋಡಿ. ಹೊಸ ರಬ್ಬರ್ ಮೆತ್ತಗಿದ್ದು ಒತ್ತಿದರೆ ಮತ್ತೆ ಉಬ್ಬುತ್ತದೆ. ಹಳೆಯದು ಗಟ್ಟಿಯಾಗಿರುತ್ತದೆ, ಇಲ್ಲವೆ ಉಬ್ಬಿ ಅಲೆಅಲೆಯಾಗಿರುತ್ತದೆ, ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತುತ್ತದೆ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಮಾತ್ರೆಗಳು ಸೀಲನ್ನು ಬೇಗ ಕೆಡಿಸುತ್ತವೆ, ಅವುಗಳ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು. ನಂತರ ಟ್ಯಾಂಕಿನ ತಳದಲ್ಲಿ ಸೀಲ್ ಕುಳಿತುಕೊಳ್ಳುವ ಅಂಚಿನ ಸುತ್ತ ಬೆರಳಾಡಿಸಿ. ಕಣ್ಣಿಗೆ ಕಾಣದ ಮರಳು, ಲೋಳೆ ಬೆರಳಿಗೆ ಸಿಗುತ್ತದೆ. ಬಟ್ಟೆಯಿಂದ ಒರೆಸಬೇಕು, ಉಕ್ಕಿನ ನಾರಿನಿಂದ ಉಜ್ಜಿದರೆ ಗೀರು ಬಿದ್ದು ಸೋರಿಕೆ ಶಾಶ್ವತವಾಗುತ್ತದೆ. ಸೀಲ್ ಇನ್ನೂ ಮೆತ್ತಗಿದ್ದರೆ ತೊಳೆದು ಮಗುಚಿ ಹಾಕಿ ನೋಡಿ. ಹೊಸದೇ ಬೇಕಾದರೆ ಹಳೆಯದನ್ನು ಅಂಗಡಿಗೆ ಒಯ್ದು ಅದರ ಮೇಲಿಟ್ಟು ಹೋಲಿಸಿಯೇ ತರಬೇಕು, ಏಕೆಂದರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅದು ಕೂರುವುದಿಲ್ಲ.

ಸೀಲ್ ಬದಲಿಸಿದ ಮೇಲೂ ಸೋರಿಕೆ ಇದ್ದರೆ ತಳದ ಚೌಕಟ್ಟೇ ಬಿರುಕು ಬಿಟ್ಟಿರುತ್ತದೆ. ಆಗ ಕಮೋಡಿನ ಮೇಲೆ ಕುಳಿತ ಪಿಂಗಾಣಿ ಟ್ಯಾಂಕನ್ನು ಇಳಿಸಬೇಕಾಗುತ್ತದೆ. ಅಡಿಯಲ್ಲಿ ಎರಡು ಬೋಲ್ಟುಗಳಿರುತ್ತವೆ. ಕರಾವಳಿಯಲ್ಲಿ ಅವು ತುಕ್ಕು ಹಿಡಿದು ನಟ್ಟಿನೊಡನೆ ಒಂದಾಗಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಆಗಲೂ ಬಾರದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಬೋಲ್ಟನ್ನು ಕೊಯ್ಯುವುದು ಸುರಕ್ಷಿತ, ಪಿಂಗಾಣಿಯ ಮೇಲೆ ಬಲಪ್ರಯೋಗ ಬೇಡ. ಮರಳಿ ಕೂರಿಸುವಾಗ ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬೋಲ್ಟುಗಳನ್ನೂ ಟ್ಯಾಂಕಿಗೂ ಕಮೋಡಿಗೂ ನಡುವಿನ ದಪ್ಪ ರಬ್ಬರ್ ಬಳೆಯನ್ನೂ ಹೊಸದೇ ಹಾಕಬೇಕು, ಮತ್ತು ಎರಡು ಬೋಲ್ಟುಗಳನ್ನು ಅದೊಂದಿಷ್ಟು ಇದೊಂದಿಷ್ಟು ಎಂದು ಸರದಿಯಲ್ಲಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಟ್ಯಾಂಕ್ ವಾಲಿ ಸೀಳುತ್ತದೆ. ಈ ಹಂತವನ್ನು ಒಬ್ಬರೇ ಮಾಡಬಾರದು. ಪ್ಲಂಬರನ್ನು ಕರೆಸುವುದಾದರೆ ಇಲ್ಲಿಯೇ ಕರೆಸಿ.

ಸೈಫನ್ ಟ್ಯಾಂಕಿನಲ್ಲಿ ಬಿರುಕು ಕಂಡರೆ ಅಂಟು ಹಚ್ಚುವುದು ವ್ಯರ್ಥ, ಸೈಫನ್ ಬಿಡಿಯಾಗಿ ಸಿಗುತ್ತದೆ. ಗೋಡೆಯೊಳಗೆ ಹುದುಗಿಸಿದ ಟ್ಯಾಂಕುಗಳಿಗೂ ಇದೇ ತತ್ತ್ವ. ಗುಂಡಿಗಳಿರುವ ಫಲಕವನ್ನು ಕಳಚಿದರೆ ಒಳಗೆ ಕೈ ಹೋಗುವಷ್ಟು ಕಿಂಡಿ ಸಿಗುತ್ತದೆ, ನೀರು ಮುಚ್ಚುವ ಸಣ್ಣ ಕಾಕ್ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಟೈಲ್ಸ್ ಒಡೆಯಬೇಕೆಂದು ಯಾರಾದರೂ ಹೇಳಿದರೆ ಮೊದಲು ಈ ಕಿಂಡಿಯನ್ನು ತೋರಿಸಿ.

ಕೆಲಸ ಮುಗಿದ ಮೇಲೆ ಆಂಗಲ್ ಕಾಕನ್ನು ಮೆಲ್ಲಗೆ ತೆರೆದು, ನಾಲ್ಕೈದು ಸಲ ಫ್ಲಶ್ ಮಾಡಿ, ಎಲ್ಲ ಜೋಡಣೆಗಳ ಕೆಳಗೆ ಒಣ ಕಾಗದ ಇಟ್ಟು ನೋಡಿ. ರಾತ್ರಿ ಮಲಗುವಾಗ ಕಾಕ್ ಮುಚ್ಚಿ ಹೊಸ ಗೆರೆ ಎಳೆದಿಟ್ಟರೆ ಬೆಳಿಗ್ಗೆ ಅದು ನಿಜ ಹೇಳುತ್ತದೆ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ತಾರಸಿಯ ಟ್ಯಾಂಕಿನ ತಳದ ಕೆಸರನ್ನು ತೆಗೆಸಿ. ತೊಳೆಯುವಾಗ ಕಮೋಡಿನ ಆಂಗಲ್ ಕಾಕ್ ಮುಚ್ಚಿರಲಿ, ಇಲ್ಲದಿದ್ದರೆ ಕಲಕಿದ ಕೆಸರೆಲ್ಲ ಈಗಷ್ಟೇ ತೊಳೆದ ವಾಲ್ವಿಗೇ ಇಳಿಯುತ್ತದೆ.